ಲ್ಯಾಪ್‌ಟಾಪಿನಲ್ಲಿ ಧ್ವನಿ ಕಡಿದು ಕಡಿದು ಬರುತ್ತಿದೆ, ಸೌಂಡ್ ಡ್ರೈವರ್ ಬದಲಿಸಿದರೂ ಸರಿಹೋಗಿಲ್ಲ

ಪ್ರಶ್ನೆ: ಸಂಗೀತ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮನೆಯಲ್ಲಿಯೇ ಹಿಂದುಸ್ತಾನಿ ಗಾಯನ ಕಲಿಸುತ್ತೇನೆ. ಮನೆಗೆ ಬರುವ ಮಕ್ಕಳಲ್ಲದೆ ಬೇರೆ ಊರುಗಳಲ್ಲಿರುವ ಕೆಲವರಿಗೆ ಲ್ಯಾಪ್‌ಟಾಪಿನ ಮೂಲಕವೂ ಪಾಠ ನಡೆಯುತ್ತದೆ. ತಂಬೂರಿಯ ನಾದ, ತಬಲಾದ ಠೇಕಾ ಎರಡನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಹಚ್ಚಿಕೊಳ್ಳುತ್ತೇನೆ. ಇದಲ್ಲದೆ, ನಮ್ಮ ತಂದೆಯವರು ಧಾರವಾಡ ಆಕಾಶವಾಣಿಯಲ್ಲಿ ಬರುತ್ತಿದ್ದ ಗಾಯನವನ್ನು ರೇಡಿಯೋದಿಂದ ಟೇಪಿಗೆ ಇಳಿಸಿಟ್ಟ ಕ್ಯಾಸೆಟ್‌ಗಳು ಮನೆಯಲ್ಲಿ ಸಾಕಷ್ಟಿದ್ದು, ಅವುಗಳನ್ನು ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ ತುಂಬಿಸುವ ಕೆಲಸವನ್ನೂ ಹಿಡಿದಿದ್ದೇನೆ.

ಕೆಲವು ವಾರಗಳ ಹಿಂದೆ ಒಂದಿಷ್ಟು ಅಪ್‌ಡೇಟ್‌ಗಳು ಬಂದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಯಿತು. ಅಲ್ಲಿಂದೀಚೆಗೆ ಧ್ವನಿ ಕಡಿದು ಕಡಿದು ಬರುತ್ತಿದೆ. ಪಂಚಮದ ತಂತಿ ಮೀಟಿದ ನಾದ ಇನ್ನೂ ಇಳಿಯುತ್ತಿರುವಾಗಲೇ ಟರ್ ಎಂಬ ಸದ್ದು ಬರುತ್ತದೆ, ಒಂದು ಕ್ಷಣ ಏನೂ ಕೇಳಿಸುವುದಿಲ್ಲ, ಮತ್ತೆ ನಾದ ಮುಂದುವರಿಯುತ್ತದೆ. ವಿಲಂಬಿತ ಏಕತಾಲದಲ್ಲಿ ಹೀಗಾದರೆ ಮಕ್ಕಳು ಮಾತ್ರೆ ತಪ್ಪುತ್ತಾರೆ. ಈ ತೊಡಕಿಗೆ ನಿಗದಿಯಾದ ಅಂತರವೆಂಬುದಿಲ್ಲ. ಕೆಲವೊಮ್ಮೆ ಬಹಳ ಹೊತ್ತು ಚೆನ್ನಾಗಿರುತ್ತದೆ, ಕೆಲವೊಮ್ಮೆ ಬೆನ್ನುಬೆನ್ನಿಗೆ ಬರುತ್ತದೆ. ಗಮನವಿಟ್ಟು ನೋಡಿದಾಗ ಧ್ವನಿ ನಿಂತ ಗಳಿಗೆಯಲ್ಲಿ ಮೌಸಿನ ಬಾಣವೂ ತುಸು ತಡೆದು ಮುಂದೆ ಹೋಗುವುದು ಕಂಡಿತು.

ಇಂಟರ್‌ನೆಟ್ ನಿಧಾನವಾಗಿರುವುದು ಕಾರಣವಿರಲಾರದು, ಏಕೆಂದರೆ ಲ್ಯಾಪ್‌ಟಾಪಿನೊಳಗೇ ಇರುವ ಫೈಲನ್ನು ಹಚ್ಚಿದರೂ ಹೀಗೆಯೇ ಆಗುತ್ತದೆ. ಲ್ಯಾಪ್‌ಟಾಪಿನ ಸ್ಪೀಕರ್, ವೈರಿನ ಹೆಡ್‌ಫೋನ್, ಯುಎಸ್‌ಬಿ ಇಂಟರ್‌ಫೇಸ್ ಮೂರರಲ್ಲಿಯೂ ಇದೇ ತೊಂದರೆ. ಕಂಪನಿಯ ವೆಬ್‌ಸೈಟಿನಿಂದ ಸೌಂಡ್ ಡ್ರೈವರ್ ಇಳಿಸಿಕೊಂಡು ಹಳೆಯದನ್ನು ತೆಗೆದು ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಒಂದು ಅಂಗಡಿಯವರು ಬೋರ್ಡಿನಲ್ಲಿರುವ ಸೌಂಡಿನ ಭಾಗ ಹಾಳಾಗಿದೆ, ಬೋರ್ಡನ್ನೇ ಬದಲಿಸಬೇಕು ಎಂದು ಹೇಳಿದ್ದಾರೆ. ಅದು ನಿಜವೇ? ಕ್ಯಾಸೆಟ್‌ಗಳಲ್ಲಿ ಕೆಲವು ಬಹಳ ಹಳೆಯವಾಗಿದ್ದು, ಪದೇ ಪದೇ ಓಡಿಸಿದರೆ ಟೇಪ್ ಹರಿದುಹೋಗುವ ಭಯವಿದೆ. ಧ್ವನಿಮುದ್ರಣದ ನಡುವೆ ಹೀಗೆ ಕಡಿತ ಬಿದ್ದರೆ ಮತ್ತೆ ಓಡಿಸುವ ಅವಕಾಶವೇ ಸಿಗಲಿಕ್ಕಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಲ್ಯಾಪ್‌ಟಾಪ್ ದುರಸ್ತಿ ಮಾಡುವವರು, ಹುಬ್ಬಳ್ಳಿ

ಮೇಡಂ ಅವರಿಗೆ ನಮಸ್ಕಾರ. ಬೋರ್ಡ್ ಬದಲಿಸಲು ಈಗಲೇ ಹಣ ಕೊಡಬೇಡಿ. ನೀವು ಬರೆದಿರುವ ಒಂದು ಮಾತಿನಲ್ಲಿಯೇ ಅರ್ಧ ಉತ್ತರವಿದೆ. ಸ್ಪೀಕರ್ ಮತ್ತು ವೈರಿನ ಹೆಡ್‌ಫೋನ್ ಎರಡೂ ಬೋರ್ಡಿನ ಮೇಲಿರುವ ಸೌಂಡ್ ಚಿಪ್ಪಿನಿಂದ ಧ್ವನಿ ಪಡೆಯುತ್ತವೆ, ಆದರೆ ಯುಎಸ್‌ಬಿ ಇಂಟರ್‌ಫೇಸಿಗೆ ಆ ಚಿಪ್ಪಿನ ಹಂಗೇ ಇಲ್ಲ. ಅಂಕಿಗಳನ್ನು ಧ್ವನಿಯನ್ನಾಗಿಸುವ ಭಾಗ ಅದರ ಡಬ್ಬಿಯೊಳಗೇ ಇರುತ್ತದೆ, ಅದರ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ನಡೆಸುವಂತೆ ಮಾಡುವ ತಂತ್ರಾಂಶ, ಕೂಡ ಬೇರೆಯದು. ಎರಡು ಬೇರೆ ಬೇರೆ ಚಿಪ್ಪುಗಳು, ಎರಡು ಬೇರೆ ಬೇರೆ ಡ್ರೈವರುಗಳು ಒಂದೇ ದಿನ ಒಂದೇ ರೀತಿಯಲ್ಲಿ ಕೆಡುವುದು ತೀರ ಅಪರೂಪ. ದೋಷ ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿದೆ, ಅಂದರೆ ಪ್ರೊಸೆಸರಿನ ಸಮಯವನ್ನು ಮತ್ತಾವುದೋ ಡ್ರೈವರ್ ಕಸಿದುಕೊಳ್ಳುತ್ತಿದೆ. ಮೌಸಿನ ಬಾಣ ತಡೆಯುವುದೂ ಅದನ್ನೇ ಹೇಳುತ್ತದೆ.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದು ತಿಳಿಯದೆ ಸೌಂಡ್ ಡ್ರೈವರನ್ನೇ ಮತ್ತೆ ಮತ್ತೆ ಹಾಕುತ್ತ ಕೂತವರನ್ನು ನಾನು ಬಹಳ ಕಂಡಿದ್ದೇನೆ. ಒಂದು ಸೆಕೆಂಡಿನ ಧ್ವನಿ ಸಾಮಾನ್ಯವಾಗಿ 48,000 ಮಾದರಿಗಳಾಗಿ (ಸ್ಯಾಂಪಲ್, ಅಂದರೆ ಧ್ವನಿಯ ಅಲೆಯನ್ನು ಅಳೆದ ಅಂಕಿಗಳಾಗಿ) ಕಂಪ್ಯೂಟರಿನಲ್ಲಿರುತ್ತದೆ. ವಿಂಡೋಸ್ ಅದನ್ನು ಸಾಮಾನ್ಯ ಬಳಕೆಯಲ್ಲಿ 10 ಮಿಲಿಸೆಕೆಂಡಿನ ಕಂತುಗಳಲ್ಲಿ, ಅಂದರೆ ಒಂದು ಸಲಕ್ಕೆ 480 ಮಾದರಿಗಳಂತೆ ಬಫರಿಗೆ ತುಂಬಿಸುತ್ತ ಹೋಗುತ್ತದೆ. ನಮ್ಮ ಅವಳಿನಗರದಲ್ಲಿ ನಳಕ್ಕೆ ನೀರು ಬರುವ ದಿನದವರೆಗೆ ಮನೆಯ ಟ್ಯಾಂಕಿನ ನೀರಿನಲ್ಲಿ ದಿನ ದೂಡುವಂತೆ, ಮುಂದಿನ ಕಂತು ಬರುವವರೆಗೆ ಸೌಂಡ್ ಚಿಪ್ಪು ಬಫರಿನಲ್ಲಿರುವುದನ್ನೇ ನುಡಿಸುತ್ತಿರುತ್ತದೆ. ಕಂತು ತಡವಾದರೆ ಬಫರ್ ಬರಿದಾಗುತ್ತದೆ. ಆಗ ಚಿಪ್ಪು ಸುಮ್ಮನಾಗುತ್ತದೆ ಇಲ್ಲವೇ ಹಳೆಯ ತುಣುಕನ್ನೇ ಮತ್ತೆ ನುಡಿಸುತ್ತದೆ. ನೀವು ಕೇಳುತ್ತಿರುವ ಟರ್ ಎಂಬ ಸದ್ದು ಅದೇ.

ಕಂತು ಏಕೆ ತಡವಾಗುತ್ತದೆ ಎಂದರೆ, ವೈಫೈ, ಡಿಸ್ಕ್, ಗ್ರಾಫಿಕ್ಸ್ ಮುಂತಾದ ಪ್ರತಿಯೊಂದು ಸಾಧನವೂ ತನ್ನ ಕೆಲಸ ಬಂದಾಗ ಪ್ರೊಸೆಸರಿಗೆ ಇಂಟರಪ್ಟ್ ಎಂಬ ತುರ್ತು ಕರೆ ಕಳಿಸುತ್ತದೆ. ಆ ಸಾಧನದ ಡ್ರೈವರ್ ತುರ್ತಿನ ಭಾಗವನ್ನು ಕೂಡಲೇ ಮುಗಿಸಿ, ಉಳಿದದ್ದನ್ನು ಡಿಪಿಸಿ ಎಂಬ ಸರದಿಯಲ್ಲಿ ಇಡುತ್ತದೆ. ಡಿಪಿಸಿ ನಡೆಯುವಾಗ ಪ್ರೊಸೆಸರಿನ ಆ ಕೋರಿನಲ್ಲಿ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕದಲ್ಲಿ) ಸಾಮಾನ್ಯ ಪ್ರೋಗ್ರಾಮುಗಳು ಯಾವುವೂ ಓಡುವಂತಿಲ್ಲ. ಧ್ವನಿ ತುಂಬಿಸುವ ಕೆಲಸವೂ ಕಾಯಬೇಕು. ಹೀಗಾಗಿಯೇ ಒಂದು ಡಿಪಿಸಿ 100 ಮೈಕ್ರೊಸೆಕೆಂಡಿಗಿಂತ ಹೆಚ್ಚು ಹೊತ್ತು ಓಡಬಾರದೆಂದು ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಸೂಚಿಸುತ್ತದೆ. ಯಾವುದೋ ಡ್ರೈವರ್ ಈ ಮಿತಿಯನ್ನು ಮೀರಿ ಹತ್ತು, ಹದಿನೈದು ಸಾವಿರ ಮೈಕ್ರೊಸೆಕೆಂಡು ಕೋರನ್ನು ಹಿಡಿದುಕೊಂಡರೆ 10 ಮಿಲಿಸೆಕೆಂಡಿನ ಬಫರ್ ಬರಿದಾಗದೆ ಇರುವುದು ಹೇಗೆ? ಪ್ರೊಸೆಸರ್ ಎಷ್ಟೇ ವೇಗದ್ದಿದ್ದರೂ, ಟಾಸ್ಕ್ ಮ್ಯಾನೇಜರಿನಲ್ಲಿ ಬಳಕೆ ಬರೀ ಐದು ಶೇಕಡ ತೋರಿಸುತ್ತಿದ್ದರೂ ಇದು ಆಗುತ್ತದೆ, ಏಕೆಂದರೆ ಇಲ್ಲಿ ಮುಖ್ಯವಾಗುವುದು ಒಟ್ಟು ಕೆಲಸದ ಹೊರೆಯಲ್ಲ, ಒಂದೇ ಒಂದು ದೀರ್ಘ ತಡೆ.

ಈಗ ಮಾಡಬೇಕಾದ ಕೆಲಸ. ಇಂತಹ ತಡೆಗಳನ್ನು ಅಳೆದು ತೋರಿಸುವ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಅದರ ತಯಾರಕರಾದ ರೆಸ್‌ಪ್ಲೆಂಡೆನ್ಸ್ ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಮನೆಬಳಕೆಗೆ ಉಚಿತ ಆವೃತ್ತಿ ಸಿಗುತ್ತದೆ. ಚಾರ್ಜರ್ ಹಚ್ಚಿ, ಉಳಿದೆಲ್ಲ ಪ್ರೋಗ್ರಾಮುಗಳನ್ನು ಮುಚ್ಚಿ, ತಂಬೂರಿಯನ್ನು ಮಾತ್ರ ಹಚ್ಚಿಟ್ಟು ಅದರ ಸ್ಟಾರ್ಟ್ ಬಟನ್ ಒತ್ತಿರಿ. ಧ್ವನಿ ಕೆಲವು ಸಲವಾದರೂ ಕಡಿಯುವವರೆಗೆ ಓಡಲು ಬಿಡಬೇಕು, ಎರಡೇ ನಿಮಿಷಕ್ಕೆ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಬಳಿಕ ಡ್ರೈವರ್ಸ್ ಎಂಬ ಪುಟಕ್ಕೆ ಹೋಗಿ ಹೈಯೆಸ್ಟ್ ಎಕ್ಸಿಕ್ಯೂಷನ್ ಎಂಬ ಅಂಕಣದ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಹೊತ್ತು ಹಿಡಿದ ಡ್ರೈವರ್ ಮೇಲೆ ಬರುತ್ತದೆ. ಆ ಹೆಸರು ಮತ್ತು ಅಂಕಿಯನ್ನು ಇಲ್ಲಿ ಬರೆಯಿರಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಅಲ್ಲಿ ಮೇಲೆ ಕಾಣುವ ಹೆಸರೇ ಅಪರಾಧಿ ಎಂದು ತಿಳಿಯಬಾರದು. ಎನ್‌ಡಿಐಎಸ್ ಡಾಟ್ ಸಿಸ್ ಎಂದರೆ ಎಲ್ಲ ನೆಟ್‌ವರ್ಕ್ ಡ್ರೈವರುಗಳೂ ಆತುಕೊಳ್ಳುವ ವಿಂಡೋಸಿನ ಭಾಗ. ಸ್ಟೋರ್‌ಪೋರ್ಟ್ ಡಿಸ್ಕುಗಳಿಗೆ ಸಂಬಂಧಿಸಿದ್ದು. ಡಿಎಕ್ಸ್‌ಜಿ ಕರ್ನಲ್ ಗ್ರಾಫಿಕ್ಸಿಗೆ ಸಂಬಂಧಿಸಿದ್ದು. ಇವುಗಳ ಬೆನ್ನಿಗೆ ನಿಂತ ಬೇರೆ ಕಂಪನಿಯ ಡ್ರೈವರ್ ಮಾಡಿದ ತಡವೂ ಇವುಗಳ ಲೆಕ್ಕಕ್ಕೇ ಜಮೆಯಾಗುತ್ತದೆ. ಆದ್ದರಿಂದ ಅಳತೆಯ ಜೊತೆಗೆ, ಒಂದೊಂದೇ ಸಾಧನವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡುವ ಪರೀಕ್ಷೆಯೂ ಬೇಕು. ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿರುವ ವೈಫೈ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಡಿವೈಸ್ ಒತ್ತಿ ತಂಬೂರಿ ಕೇಳಿ. ಏರೋಪ್ಲೇನ್ ಮೋಡ್ ಹಾಕಿದರೆ ಸಾಲದು, ಅದರಿಂದ ರೇಡಿಯೋ ಆರುತ್ತದೆಯೇ ಹೊರತು ಡ್ರೈವರ್ ಇದ್ದಲ್ಲಿಯೇ ಇರುತ್ತದೆ. ಅದೇ ರೀತಿ ಬ್ಲೂಟೂತ್, ವೆಬ್‌ಕ್ಯಾಮ್, ವೈರಿನ ನೆಟ್‌ವರ್ಕ್ ಪೋರ್ಟ್‌ಗಳನ್ನು ಒಂದಾದ ಮೇಲೊಂದರಂತೆ ನಿಲ್ಲಿಸಿ ನೋಡಬಹುದು. ಡಿಸ್ಕ್ ಕಂಟ್ರೋಲರ್, ಪ್ರೊಸೆಸರ್, ಸಿಸ್ಟಮ್ ಡಿವೈಸಸ್ ಅಡಿಯಲ್ಲಿರುವ ಸಾಲುಗಳನ್ನು ಮಾತ್ರ ಮುಟ್ಟಬೇಡಿ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಹಾವೇರಿ

ಹುಬ್ಬಳ್ಳಿಯ ಸರ್ ಹೇಳಿದ ಅಳತೆಗೆ ಮೊದಲು ಸುಲಭವಾದ ಕೆಲವು ಸಂಗತಿಗಳನ್ನು ನೋಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಸೌಂಡ್ ಎಂಬಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ. ಧ್ವನಿಯನ್ನು ಹಿಗ್ಗಿಸುವ, ಗದ್ದಲ ತೆಗೆಯುವ ಈ ಸೌಲಭ್ಯಗಳಿಂದ ನಮ್ಮ ಶಾಲೆಯ ಲ್ಯಾಪ್‌ಟಾಪೊಂದರಲ್ಲಿ ಪಾಠದ ವಿಡಿಯೋ ತೊದಲುತ್ತಿತ್ತು, ಆಫ್ ಮಾಡಿದ ಮೇಲೆ ಸರಿಹೋಯಿತು. ಇನ್ನೊಂದು, ಚಾರ್ಜರ್ ಕಂಪನಿಯದೇ ಇದೆಯೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ತಾವು ಗುರುತಿಸದ ಚಾರ್ಜರ್ ಹಚ್ಚಿದರೆ ಪ್ರೊಸೆಸರಿನ ವೇಗವನ್ನು ತೀರ ಇಳಿಸಿಬಿಡುತ್ತವೆ.

ಇವೆರಡರಿಂದಲೂ ಆಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಸೌಂಡ್ ಸಾಧನದ ಮೇಲೆ ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ವಿಂಡೋಸಿನ ಸ್ವಂತ ಡ್ರೈವರನ್ನು ಆರಿಸಿಕೊಳ್ಳಬಹುದು. ಕಂಪನಿಯ ಡ್ರೈವರಿನಲ್ಲಿ ದೋಷವಿದ್ದರೆ ಇದರಿಂದ ಗೊತ್ತಾಗುತ್ತದೆ.

ಉತ್ತರ: ಲ್ಯಾಪ್‌ಟಾಪ್ ದುರಸ್ತಿ ಮಾಡುವವರು, ಹುಬ್ಬಳ್ಳಿ

ಶಿಕ್ಷಕರು ಹೇಳಿದ ಮೊದಲ ಎರಡೂ ಸರಿಯಾದ ಮಾತುಗಳು, ಮೇಡಂ ಅವುಗಳನ್ನು ನೋಡಿಕೊಳ್ಳಲಿ. ಮೂರನೆಯದಕ್ಕೆ ಒಂದು ಸೇರಿಸುತ್ತೇನೆ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲಂಚಿನ ಮೈಕುಗಳು ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಪ್ರತ್ಯೇಕ ಸಂಸ್ಕಾರಕದ ಮೂಲಕ ಕೆಲಸ ಮಾಡುತ್ತವೆ. ಅಂತಹ ಯಂತ್ರದಲ್ಲಿ ಸೌಂಡಿನ ಮೂಲ ಡ್ರೈವರುಗಳನ್ನು ಬದಲಿಸಿದರೆ ಸ್ಪೀಕರ್ ನುಡಿಯುತ್ತದೆ, ಆದರೆ ಮೈಕ್ ಮೂಕವಾಗಬಹುದು; ಆನ್‌ಲೈನ್ ಪಾಠ ಹೇಳುವವರಿಗೆ ಅದು ದೊಡ್ಡ ತೊಂದರೆ. ಆದ್ದರಿಂದ ಬದಲಿಸುವ ಮುನ್ನ, ಬೇಕೆಂದಾಗ ಈಗಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಟ್ಟುಕೊಳ್ಳಬೇಕು. ಈ ಪ್ರಕರಣದಲ್ಲಂತೂ ಯುಎಸ್‌ಬಿ ಇಂಟರ್‌ಫೇಸಿನಲ್ಲಿಯೂ ಧ್ವನಿ ಕಡಿಯುತ್ತಿರುವುದರಿಂದ ಸೌಂಡ್ ಡ್ರೈವರಿಗೆ ಕೈ ಹಚ್ಚುವ ಅಗತ್ಯವಿಲ್ಲವೆಂಬುದು ನನ್ನ ಎಣಿಕೆ.

ಪ್ರಶ್ನೆ ಕೇಳಿದವರು: ಸಂಗೀತ ಶಿಕ್ಷಕಿ, ಧಾರವಾಡ

ಇಬ್ಬರಿಗೂ ಧನ್ಯವಾದಗಳು. ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿದೆ, ವ್ಯತ್ಯಾಸವಾಗಲಿಲ್ಲ. ಚಾರ್ಜರ್ ಲ್ಯಾಪ್‌ಟಾಪಿನ ಜೊತೆಗೆ ಬಂದದ್ದೇ ಇದೆ.

ಲೇಟೆನ್ಸಿಮಾನ್ ಹಾಕಿ ತಂಬೂರಿ ಹಚ್ಚಿಟ್ಟೆ. ಮೊದಲಿಗೆ ಪಟ್ಟಿಗಳೆಲ್ಲ ಹಸಿರಾಗಿದ್ದವು. ಸ್ವಲ್ಪ ಹೊತ್ತಾದ ಮೇಲೆ ಧ್ವನಿ ಕಡಿಯಿತು, ಅದೇ ಕ್ಷಣ ಒಂದು ಪಟ್ಟಿ ಉದ್ದವಾಗಿ ಕೆಂಪಾಯಿತು. ಕಿವಿಗೆ ಕೇಳಿದ್ದು ಕಣ್ಣಿಗೂ ಹಾಗೆಯೇ ಕಂಡದ್ದರಿಂದ ಕೊನೆಗೂ ಒಂದು ಆಧಾರ ಸಿಕ್ಕಿತೆನಿಸಿತು. ಡ್ರೈವರ್ಸ್ ಪುಟದಲ್ಲಿ ಎನ್‌ಡಿಐಎಸ್ ಡಾಟ್ ಸಿಸ್ ಮೇಲಿದೆ, ಅದರ ಮುಂದಿನ ಅಂಕಿ 14 ಮಿಲಿಸೆಕೆಂಡಿನ ಆಸುಪಾಸಿನಲ್ಲಿದೆ. ಅದರ ಕೆಳಗಿರುವ ಯಾವ ಡ್ರೈವರಿನ ಅಂಕಿಯೂ ಒಂದು ಮಿಲಿಸೆಕೆಂಡನ್ನು ಮುಟ್ಟಿಲ್ಲ. ಬಳಿಕ ವೈಫೈ ಡಿಸೇಬಲ್ ಮಾಡಿ ಸಂಜೆಯ ಪಾಠವನ್ನು ಪೂರ್ತಿ ಮನೆಯ ಮಕ್ಕಳೊಂದಿಗೆ ನಡೆಸಿದೆ. ಒಂದು ಸಲವೂ ನಾದ ಕಡಿಯಲಿಲ್ಲ. ಮತ್ತೆ ಎನೇಬಲ್ ಮಾಡಿದೊಡನೆ ತೊಂದರೆ ಮರಳಿ ಬಂತು.

ಹಾಗಾದರೆ ವೈಫೈ ಕಾರ್ಡ್ ಹಾಳಾಗಿದೆಯೇ, ಅಥವಾ ಬರೀ ಡ್ರೈವರಿನ ದೋಷವೇ? ಆನ್‌ಲೈನ್ ಪಾಠಕ್ಕೆ ವೈಫೈ ಬೇಕೇ ಬೇಕು. ರೋಲ್ ಬ್ಯಾಕ್ ಡ್ರೈವರ್ ಎಂಬ ಬಟನ್ ನೋಡಿದೆ, ಆದರೆ ಅದು ಮಸುಕಾಗಿದೆ, ಒತ್ತಲು ಬರುವುದಿಲ್ಲ.

ಉತ್ತರ: ಲ್ಯಾಪ್‌ಟಾಪ್ ದುರಸ್ತಿ ಮಾಡುವವರು, ಹುಬ್ಬಳ್ಳಿ

ಮೇಡಂ, ಬಹಳ ಅಚ್ಚುಕಟ್ಟಾಗಿ ಪರೀಕ್ಷೆ ಮಾಡಿದ್ದೀರಿ. ನಿಲ್ಲಿಸಿದಾಗ ತೊಂದರೆ ಹೋಗಿ, ಮತ್ತೆ ಚಾಲೂ ಮಾಡಿದಾಗ ಮರಳಿ ಬಂದಿದೆ ಎಂದ ಮೇಲೆ ವೈಫೈ ಕಡೆಗೇ ಬೆರಳು ತೋರಿಸಬೇಕು. ಕಾರ್ಡ್ ಹಾಳಾಗಿದ್ದರೆ ಸಂಪರ್ಕ ತಪ್ಪುವುದು, ವೇಗ ಕುಸಿಯುವುದು ಕೂಡ ಕಾಣಿಸುತ್ತಿತ್ತು. ನೀವು ಅದನ್ನು ಹೇಳಿಲ್ಲ. ತೊಂದರೆ ಶುರುವಾದದ್ದು ಅಪ್‌ಡೇಟ್ ಆದ ಮೇಲೆ ಎಂಬುದನ್ನೂ ಸೇರಿಸಿ ನೋಡಿದರೆ ಡ್ರೈವರಿನ ಹೊಸ ಆವೃತ್ತಿಯೇ ಕಾರಣವಾಗಿರುವ ಸಂಭವ ಹೆಚ್ಚು.

ರೋಲ್ ಬ್ಯಾಕ್ ಮಸುಕಾಗಿದ್ದರೆ ಆ ಸಾಧನಕ್ಕೆ ಮರಳಲು ಹಿಂದಿನ ಡ್ರೈವರಿನ ದಾಖಲೆ ಇಲ್ಲವೆಂದು ಅರ್ಥ. ಆಗ ಮಾಡಬೇಕಾದದ್ದು ಇಷ್ಟು. ಮೊದಲು ವೈಫೈ ಸಾಧನದ ಪ್ರಾಪರ್ಟೀಸಿನಲ್ಲಿ ಡ್ರೈವರ್ ಪುಟ ತೆರೆದು ಈಗಿರುವ ಆವೃತ್ತಿಯ ಸಂಖ್ಯೆ ಮತ್ತು ತಾರೀಖನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಅಪ್‌ಡೇಟ್ ಡ್ರೈವರ್ ಒತ್ತಿ, ಅಂತರ್ಜಾಲದಲ್ಲಿ ಹುಡುಕುವ ಬದಲು ಕಂಪ್ಯೂಟರಿನಲ್ಲಿಯೇ ಹುಡುಕುವ ಆಯ್ಕೆಗೆ ಹೋಗಿ, ಪಟ್ಟಿಯಿಂದ ಆರಿಸಿಕೊಳ್ಳುತ್ತೇನೆ ಎಂಬುದನ್ನು ಒತ್ತಿರಿ. ಎಷ್ಟೋ ಸಲ ಅಲ್ಲಿ ಅದೇ ಸಾಧನದ ಎರಡು ಮೂರು ಆವೃತ್ತಿಗಳು ಕಾಣುತ್ತವೆ. ಹಳೆಯ ತಾರೀಖಿನದನ್ನು ಆರಿಸಿದರೆ ಕೆಲಸ ಮುಗಿಯಿತು.

ಪಟ್ಟಿಯಲ್ಲಿ ಒಂದೇ ಇದ್ದರೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ಪುಟದಿಂದ ಹಳೆಯ ಆವೃತ್ತಿಯನ್ನು ಇಳಿಸಿಕೊಳ್ಳಬೇಕಾಗುತ್ತದೆ. ಮಾದರಿಯ ಹೆಸರಲ್ಲದೆ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲಿನ ಸೀರಿಯಲ್ ನಂಬರ್ ಹಾಕಿ ಹುಡುಕಿ, ಏಕೆಂದರೆ ಒಂದೇ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಕಂಪನಿಯ ವೈಫೈ ಕಾರ್ಡ್‌ಗಳಿರುತ್ತವೆ. ಇಳಿಸಿಕೊಳ್ಳುವ ಕೆಲಸ ಮೊದಲು, ತೆಗೆಯುವ ಕೆಲಸ ಆಮೇಲೆ. ಡ್ರೈವರ್ ತೆಗೆದ ಮೇಲೆ ಇಳಿಸಿಕೊಳ್ಳಲು ವೈಫೈಯೇ ಇರುವುದಿಲ್ಲ. ಹಾಗೇನಾದರೂ ಆದರೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಹಚ್ಚಿ ಟೆದರಿಂಗ್ ಚಾಲೂ ಮಾಡಿದರೆ ನೆಟ್ ಸಿಗುತ್ತದೆ. ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿದಾಗ ಬರುವ ಚಿಕ್ಕ ಕಿಟಕಿಯಲ್ಲಿ ಡ್ರೈವರನ್ನೂ ತೆಗೆದುಹಾಕುವ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಗುರುತು ಹಾಕದಿದ್ದರೆ ರೀಸ್ಟಾರ್ಟ್ ಆದೊಡನೆ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ, ನೀವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಹಳೆಯದನ್ನು ಹಾಕಿದ ಮೇಲೆ ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಬದಲಿಸದಂತೆ ನೋಡಿಕೊಳ್ಳಬೇಕು. ಕಂಟ್ರೋಲ್ ಪ್ಯಾನೆಲಿನ ಸಿಸ್ಟಮ್ ಪ್ರಾಪರ್ಟೀಸ್ ತೆರೆದು ಹಾರ್ಡ್‌ವೇರ್ ಪುಟದಲ್ಲಿ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್ ಎಂಬಲ್ಲಿ ನೋ ಎಂದು ಆರಿಸಿ. ವಿಂಡೋಸ್ ಪ್ರೊ ಇದ್ದವರು ಗ್ರೂಪ್ ಪಾಲಿಸಿಯಲ್ಲಿ ಅಪ್‌ಡೇಟಿನೊಂದಿಗೆ ಡ್ರೈವರ್ ಬೇಡವೆಂದು ಇನ್ನೂ ಬಿಗಿಯಾಗಿ ಹೇಳಬಹುದು, ಹೋಮ್ ಆವೃತ್ತಿಯಲ್ಲಿ ಆ ಕಿಟಕಿ ಇರುವುದಿಲ್ಲ. ಇದನ್ನು ಶಾಶ್ವತವಾಗಿ ಹೀಗೆಯೇ ಬಿಡಬಾರದು, ಏಕೆಂದರೆ ವೈಫೈ ಡ್ರೈವರಿನ ಹೊಸ ಆವೃತ್ತಿಗಳಲ್ಲಿ ಭದ್ರತೆಯ ತಿದ್ದುಪಡಿಗಳೂ ಇರುತ್ತವೆ. ಹಾಳೆಯಲ್ಲಿ ಬರೆದಿಟ್ಟ ಸಂಖ್ಯೆಗಿಂತ ಮುಂದಿನ ಆವೃತ್ತಿ ಬಂದಾಗ ಅದನ್ನು ಹಾಕಿ, ಲೇಟೆನ್ಸಿಮಾನ್‌ನಲ್ಲಿ ಮತ್ತೊಮ್ಮೆ ಅಳೆದು, ಸರಿಯಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಉತ್ತರ: ಧ್ವನಿಮುದ್ರಣ ಮಾಡುವವರು, ಗದಗ

ಅಕ್ಕಾವರೇ, ಡ್ರೈವರಿನ ವಿಷಯವನ್ನು ಹುಬ್ಬಳ್ಳಿಯವರು ಸರಿಯಾಗಿ ಹೇಳಿದ್ದಾರೆ. ನಾನು ಕ್ಯಾಸೆಟ್‌ಗಳ ವಿಷಯ ಹೇಳುತ್ತೇನೆ. ವೀರೇಶ್ವರ ಪುಣ್ಯಾಶ್ರಮವಿರುವ ನಮ್ಮ ಊರಿನಲ್ಲಿ ಹಳೆಯ ಗಾಯನದ ಟೇಪ್‌ಗಳನ್ನು ಜೋಪಾನ ಮಾಡಿಟ್ಟವರು ಬಹಳ ಜನ, ಹೀಗಾಗಿ ಇಂತಹ ಕೆಲಸ ನನ್ನ ಕೈಗೂ ಬರುತ್ತಿರುತ್ತದೆ.

ಇದುವರೆಗೆ ನೀವು ತುಂಬಿಸಿದ ಫೈಲುಗಳಲ್ಲಿ ಕಡಿತವಿದ್ದರೆ ಅದು ನುಡಿಸುವಾಗಿನದೋ ತುಂಬಿಸುವಾಗಿನದೋ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಅದೇ ಫೈಲನ್ನು ವೈಫೈ ನಿಲ್ಲಿಸಿ ಮತ್ತೆ ಕೇಳಿ. ಕಡಿತ ಕಾಣೆಯಾದರೆ ಫೈಲ್ ಚೆನ್ನಾಗಿದೆ, ಚಿಂತೆ ಬೇಡ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಸ್ವರದ ಮೇಲೆ ಕಡಿದರೆ ದೋಷ ಫೈಲಿನಲ್ಲಿಯೇ ಸೇರಿಕೊಂಡಿದೆ. ಅಲ್ಲಿ ಕಳೆದುಹೋದ ಮಾದರಿಗಳನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿ ತರಲಾರದು, ಆ ಭಾಗವನ್ನಾದರೂ ಟೇಪಿನಿಂದ ಮತ್ತೆ ತುಂಬಿಸಬೇಕು.

ಆದರೆ ಮತ್ತೆ ಓಡಿಸುವ ಮುನ್ನ ಅದು ಟೇಪಿನದೇ ದೋಷವೇ ಎಂಬುದನ್ನೂ ನೋಡಿ. ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಆ ಜಾಗವನ್ನು ಹಿಗ್ಗಿಸುತ್ತ ಹೋಗಿ, ಒಂದೊಂದು ಮಾದರಿಯೂ ಚುಕ್ಕೆಯಾಗಿ ಕಾಣುವವರೆಗೆ. ಕಂಪ್ಯೂಟರಿನಿಂದ ಆದ ಕಡಿತದಲ್ಲಿ ಅಲೆಯ ಗೆರೆ ನಡುದಾರಿಯಲ್ಲಿ ಥಟ್ಟನೆ ನೆಟ್ಟಗೆ ಹಾರಿ ಬೇರೆ ಎತ್ತರದಲ್ಲಿ ಮುಂದುವರಿಯುತ್ತದೆ, ಇಲ್ಲವೇ ಸ್ವಲ್ಪ ದೂರ ಪೂರ್ತಿ ಚಪ್ಪಟೆಯಾಗಿರುತ್ತದೆ. ಟೇಪಿನ ಲೇಪ ಉದುರಿದ್ದರಿಂದ ಆದ ದೋಷ ಹಾಗಿರುವುದಿಲ್ಲ. ಅಲೆ ಕ್ರಮೇಣ ಸಣ್ಣದಾಗಿ, ಸದ್ದು ಮಂಕಾಗಿ, ಮತ್ತೆ ಕ್ರಮೇಣ ದೊಡ್ಡದಾಗುತ್ತದೆ, ಟೇಪಿನ ಮರಮರ ಸದ್ದು ಒಳಗೊಳಗೇ ಉಳಿದಿರುತ್ತದೆ. ಎರಡನೆಯ ಬಗೆಯದಾದರೆ ಮತ್ತೆ ಓಡಿಸಿ ಟೇಪನ್ನು ಸವೆಸುವುದು ವ್ಯರ್ಥ. ಆಡಾಸಿಟಿಯ ಪ್ರಿಫರೆನ್ಸಿನಲ್ಲಿ, ರೆಕಾರ್ಡಿಂಗ್ ಪುಟದಲ್ಲಿ, ಡಿಟೆಕ್ಟ್ ಡ್ರಾಪ್‌ಔಟ್ಸ್ ಎಂಬ ಚೌಕವಿದೆ. ಅದಕ್ಕೆ ಗುರುತಿದ್ದರೆ ತುಂಬಿಸುವಾಗ ಮಾದರಿಗಳು ಕಳೆದುಹೋದ ಜಾಗಗಳನ್ನು ಅದು ಪತ್ತೆಹಚ್ಚಿದಂತೆಲ್ಲ ಒಂದು ಪಟ್ಟಿಯಲ್ಲಿ ಗುರುತಿಸಿಡುತ್ತದೆ. ಗಂಟೆಗಟ್ಟಲೆ ಕೂತು ಕೇಳಿ ಹುಡುಕುವ ಶ್ರಮ ಬಹಳಷ್ಟು ತಪ್ಪುತ್ತದೆ.

ಡ್ರೈವರ್ ಸರಿಹೋದ ಮೇಲೂ ಟೇಪ್ ತುಂಬಿಸುವ ಹೊತ್ತಿನಲ್ಲಿ ವೈಫೈಯನ್ನು ಡಿಸೇಬಲ್ ಮಾಡಿಯೇ ಕೂಡಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ, ಏಕೆಂದರೆ ಆ ಕೆಲಸಕ್ಕೆ ನೆಟ್ ಬೇಕಾಗಿಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ ಇದೆ. ಇಂಟರ್‌ಫೇಸಿನ ಸೆಟ್ಟಿಂಗಿನಲ್ಲಿ ಬಫರ್ 128 ಎಂದಿದ್ದರೆ 512 ಅಥವಾ 1024ಕ್ಕೆ ಏರಿಸಿ. 48,000ದ ದರದಲ್ಲಿ 128 ಮಾದರಿ ಎಂದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ, 1024 ಎಂದರೆ ಇಪ್ಪತ್ತೊಂದಕ್ಕಿಂತ ಹೆಚ್ಚು. ಚಿಕ್ಕ ಬಫರ್ ಬೇಕಾಗುವುದು ಹಾಡುತ್ತ ಹಾಡುತ್ತ ತನ್ನದೇ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವವರಿಗೆ. ಕ್ಯಾಸೆಟ್ ತುಂಬಿಸುವವರಿಗೆ ಅಷ್ಟು ತಡವಾದರೆ ನಷ್ಟವೇನೂ ಇಲ್ಲ.

ಪ್ರಶ್ನೆ ಕೇಳಿದವರು: ಸಂಗೀತ ಶಿಕ್ಷಕಿ, ಧಾರವಾಡ

ಪಟ್ಟಿಯಲ್ಲಿ ಹಳೆಯ ಆವೃತ್ತಿ ಇರಲಿಲ್ಲ. ಸೀರಿಯಲ್ ನಂಬರ್ ಹಾಕಿ ಕಂಪನಿಯ ಪುಟದಿಂದ ಅದರ ಹಿಂದಿನದನ್ನು ಇಳಿಸಿಕೊಂಡು, ಚೌಕಕ್ಕೆ ಗುರುತು ಹಾಕಿಯೇ ಈಗಿನದನ್ನು ತೆಗೆದು, ಹಳೆಯದನ್ನು ಹಾಕಿದೆ. ವೈಫೈ ಚಾಲೂ ಇದ್ದಾಗಲೂ ಎನ್‌ಡಿಐಎಸ್ ಸಾಲಿನ ಅಂಕಿ ಅರ್ಧ ಮಿಲಿಸೆಕೆಂಡಿನೊಳಗೇ ಇದೆ. ಆನ್‌ಲೈನ್ ಪಾಠದಲ್ಲಿ ಆ ಕಡೆಯವರಿಗೂ ನನ್ನ ದನಿ ಈಗ ಅಖಂಡವಾಗಿ ಕೇಳುತ್ತಿದೆಯಂತೆ. ತುಂಬಿಸಿದ ಫೈಲುಗಳಲ್ಲಿ ಕೆಲವಕ್ಕೆ ಗದಗಿನವರು ಹೇಳಿದಂತೆ ಗೆರೆ ನೆಟ್ಟಗೆ ಹಾರಿದೆ. ಅಂತಹ ಕ್ಯಾಸೆಟ್‌ಗಳ ಆ ಬದಿಯನ್ನು ಮಾತ್ರ ಮತ್ತೆ ಓಡಿಸುತ್ತೇನೆ. ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಇನ್ನೊಂದು ಪ್ರಶ್ನೆ: ವಿದ್ಯಾರ್ಥಿ, ರಾಣೆಬೆನ್ನೂರು

ಸರ್, ನನ್ನ ಲ್ಯಾಪ್‌ಟಾಪಿನಲ್ಲಿಯೂ ಧ್ವನಿ ಕಡಿಯುತ್ತದೆ, ಆದರೆ ವೈಫೈ ನಿಲ್ಲಿಸಿದರೂ ಹೋಗುವುದಿಲ್ಲ. ಲೇಟೆನ್ಸಿಮಾನ್‌ನಲ್ಲಿ ಎಸಿಪಿಐ ಡಾಟ್ ಸಿಸ್ ಮೇಲಿದೆ. ಪ್ರೊಸೆಸರ್ ಎಎಂಡಿ ರೈಜನ್. ನಾನು ಯಾವ ಡ್ರೈವರ್ ಬದಲಿಸಬೇಕು?

ಉತ್ತರ: ಲ್ಯಾಪ್‌ಟಾಪ್ ದುರಸ್ತಿ ಮಾಡುವವರು, ಹುಬ್ಬಳ್ಳಿ

ತಮ್ಮ, ಎಸಿಪಿಐ ಎಂಬುದು ಬ್ಯಾಟರಿ, ಬಿಸಿ, ಫ್ಯಾನ್ ಮುಂತಾದವುಗಳ ವಿಷಯದಲ್ಲಿ ವಿಂಡೋಸ್ ಮತ್ತು ಬಯೋಸ್ (ಬೋರ್ಡಿನಲ್ಲಿಯೇ ಇರುವ ಮೂಲ ತಂತ್ರಾಂಶ) ನಡುವೆ ಮಾತು ನಡೆಸುವ ಭಾಗ. ಅದಕ್ಕೆ ಬೇರೆ ಡ್ರೈವರ್ ಹುಡುಕಬೇಡ. ಚಾರ್ಜರ್ ಹಚ್ಚಿಟ್ಟು, ಡಿವೈಸ್ ಮ್ಯಾನೇಜರಿನ ಬ್ಯಾಟರೀಸ್ ಅಡಿಯಲ್ಲಿ ಎಸಿಪಿಐ ಕಂಪ್ಲಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ ಎಂಬುದನ್ನು ಸ್ವಲ್ಪ ಹೊತ್ತು ಡಿಸೇಬಲ್ ಮಾಡಿ ಅಳತೆ ತೆಗೆ. ಅಂಕಿ ಇಳಿದರೆ, ಬ್ಯಾಟರಿಯ ಸ್ಥಿತಿಯನ್ನು ಕೇಳಿದಾಗಲೆಲ್ಲ ಬಯೋಸ್ ಉತ್ತರ ಕೊಡಲು ತಡಮಾಡುತ್ತಿದೆ ಎಂದು ತಿಳಿಯಬಹುದು. ಪರೀಕ್ಷೆ ಮುಗಿದೊಡನೆ ಅದನ್ನು ಮತ್ತೆ ಎನೇಬಲ್ ಮಾಡು, ಇಲ್ಲದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಎಂಬುದು ಕಾಣದೆ ಲ್ಯಾಪ್‌ಟಾಪ್ ಒಮ್ಮೆಲೇ ಆರಿಹೋಗುತ್ತದೆ. ಇದಕ್ಕೆ ಪರಿಹಾರವಿದ್ದರೆ ಕಂಪನಿಯವರು ಕೊಡುವ ಬಯೋಸ್ ಅಪ್‌ಡೇಟಿನಲ್ಲಿಯೇ ಇರುತ್ತದೆ.

ರೈಜನ್ ಎಂದು ಹೇಳಿದ್ದರಿಂದ ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಬೇಕು. ಕೆಲವು ರೈಜನ್ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಭದ್ರತಾ ಭಾಗ ಬೋರ್ಡಿನ ಫ್ಲ್ಯಾಶ್ ಮೆಮೊರಿಯೊಂದಿಗೆ ನಡೆಸುವ ವ್ಯವಹಾರ ಉದ್ದವಾಗಿ, ಇಡೀ ಯಂತ್ರ ಆಗಾಗ ಕ್ಷಣಕಾಲ ತಡೆಯುತ್ತದೆಂದು 2022ರ ಮಾರ್ಚ್‌ನಲ್ಲಿ ಎಎಂಡಿಯೇ ಒಪ್ಪಿಕೊಂಡು, ಬಯೋಸ್ ಅಪ್‌ಡೇಟಿನ ಮೂಲಕ ಸರಿಪಡಿಸುವುದಾಗಿ ಪ್ರಕಟಿಸಿತ್ತು. ನಿನ್ನ ಲ್ಯಾಪ್‌ಟಾಪಿನ ಬಯೋಸ್ ಅದಕ್ಕಿಂತ ಹಳೆಯದಾಗಿದ್ದರೆ ಅದನ್ನು ಹೊಸದಾಗಿಸುವುದೇ ಮೊದಲ ಕೆಲಸ.

ಬಯೋಸ್ ಹಾಕುವ ಮುನ್ನ ಸೆಟ್ಟಿಂಗ್ಸಿನಲ್ಲಿ ಡಿಸ್ಕಿನಲ್ಲಿರುವುದನ್ನು ಬೀಗ ಹಾಕಿಡುವ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಚಾಲೂ ಇದೆಯೇ ನೋಡು. ಇದ್ದರೆ ಅದರ ರಿಕವರಿ ಕೀ ಹೊರಗೆ ಬರೆದಿಟ್ಟುಕೊಂಡು, ಅದನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿಯೇ ಮುಂದುವರಿ. ಇಲ್ಲದಿದ್ದರೆ ಅಪ್‌ಡೇಟ್ ಮುಗಿದ ಮೇಲೆ ಯಂತ್ರ ಆ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಒಳಗಿರುವ ಫೈಲುಗಳೆಲ್ಲ ಹೋದಂತೆಯೇ. ಬ್ಯಾಟರಿ ಪೂರ್ತಿ ತುಂಬಿರಲಿ, ಚಾರ್ಜರ್ ಹಚ್ಚಿರಲಿ, ಕರೆಂಟ್ ಹೋಗುವ ಹೊತ್ತನ್ನು ತಪ್ಪಿಸಿ ಕೂಡು, ಪರದೆ ಕಪ್ಪಾದರೂ ತಾನಾಗಿ ಮರಳಿ ಬರುವವರೆಗೆ ಪವರ್ ಬಟನ್ ಮುಟ್ಟಬೇಡ. ಆಮೇಲೆ ಮತ್ತೆ ಅಳೆದು, ಎಸಿಪಿಐ ಸಾಲಿನ ಮೊದಲಿನ ಅಂಕಿ ಮತ್ತು ಈಗಿನ ಅಂಕಿ ಎರಡನ್ನೂ ಇಲ್ಲಿ ಬರೆ.